ಹುಲಿಗೆವ್ವ ಆಣೆ ಇಡಲಿಲ್ಲ

"ಕೇಳ್ರಪ್ಪೋ ಕೇಳ್ರಿ! ದೊರೆ ಮಲ್ಲರಸರ ಅಪ್ಪಣೆ! ಮಕ್ಕಳ ಬಾಗಿಲು ತೆರೆಸಬೇಕೆನ್ನುವವರು ಅರಮನೆಗೆ ಬಂದು ಮೂರು ಒಗಟು ಬಿಡಿಸತಕ್ಕದ್ದು. ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ಒಂದರಲ್ಲಿ ತಪ್ಪಿದರೂ ತಲೆದಂಡ!"

ಡಂಗುರದವನು ಹೀಗೆ ಸಾರುತ್ತ ಹೋದದ್ದು ಕಲ್ಲುಹೊಳೆ ಪಟ್ಟಣದ ಖಾಲಿ ಬೀದಿಗಳಲ್ಲಿ. ಉರಿಜ್ವರ ಆ ನಾಡಿಗೆ ಕಾಲಿಟ್ಟು ಎರಡನೆಯ ವರ್ಷ ನಡೆಯುತ್ತಿತ್ತು. ಜ್ವರ ಹೆಚ್ಚಾಗಿ ಮುದುಕರನ್ನು ಒಯ್ಯುತ್ತಿತ್ತು. ಮಕ್ಕಳಿಗೆ ಮೈ ಬಿಸಿಯಾಗಿ, ಒಂದಷ್ಟು ರಂಪ ಮಾಡಿ, ಇಳಿದುಹೋಗುತ್ತಿತ್ತು. ಸಾವಿರಾರು ಮಕ್ಕಳಲ್ಲಿ ಒಂದೇ ಒಂದು ಮಗು ಹಾಸಿಗೆಯಿಂದ ಏಳಲಿಲ್ಲ. ಅದು ದೊರೆಯ ಮಗ, ಪುಟ್ಟ ಚೆನ್ನರಸ.

ಮಗನನ್ನು ಮಣ್ಣು ಮಾಡಿ ಬಂದ ದಿನವೇ ದೊರೆ ಕಟ್ಟಳೆ ಹೊರಡಿಸಿದ. ನಾಡಿನ ಯಾವ ಮಗುವೂ ಹೊಸ್ತಿಲು ದಾಟಬಾರದು. ಮಕ್ಕಳಿರುವ ಮನೆಯ ಕಿಟಕಿಗಳಿಗೆ ಹಲಗೆ ಹೊಡೆಯಬೇಕು. ಚೆನ್ನರಸನ ಹೆಸರನ್ನು ಯಾರೂ ಎತ್ತಬಾರದು. ದುಃಖದಲ್ಲಿರುವವನಿಗೆ ಯಾರು ಎದುರಾಡುತ್ತಾರೆ? ಹಲಗೆ ಹೊಡೆದರು.

ಬೇಡಿದ್ದು ಸಿಗುತ್ತದೆಂದು ಕೇಳಿ ಮೊದಲು ಓಡಿ ಬಂದವನು ಸೇನಾಪತಿ. ಮಕ್ಕಳ ಚಿಂತೆ ಅವನಿಗಿರಲಿಲ್ಲ, ಅರ್ಧ ರಾಜ್ಯದ ಚಿಂತೆ ಇತ್ತು.

"ನಾಡಿಗೆಲ್ಲ ಸಾಸಿವೆಯಷ್ಟು, ಒಂದು ಮನೆಗೆ ಬೆಟ್ಟದಷ್ಟು. ಅದೇನು?" ಎಂದು ದೊರೆ ಕೇಳಿದ.

"ಕಂದಾಯ, ಪ್ರಭು!" ಎಂದ ಸೇನಾಪತಿ. ಅವನನ್ನು ಸೆರೆಮನೆಗೆ ಎಳೆದೊಯ್ದರು. ಆಮೇಲೆ ಬಂದ ನೆರೆನಾಡಿನ ರಾಜಕುಮಾರ ಮೀಸೆ ತಿರುವಿ "ಬಡತನ" ಎಂದ. ಅವನೂ ಅದೇ ದಾರಿ ಹಿಡಿದ. ಅಮಾವಾಸ್ಯೆಗೆ ಇಬ್ಬರ ತಲೆಯೂ ಉರುಳಬೇಕೆಂದಾಯಿತು. ಆ ತಲೆಗಳೊಳಗೆ ಏನಾದರೂ ಇದ್ದಿದ್ದರೆ ಮರುಕಪಡಬಹುದಿತ್ತು.

ಆಗ ಬಂದಳು ಹುಲಿಗೆವ್ವ. ಗಂಡ ತೀರಿಹೋದ ಮೇಲೆ ಅವನ ಹರಿಗೋಲನ್ನು ತಾನೇ ನಡೆಸುತ್ತ, ಜನರನ್ನು ಹೊಳೆ ದಾಟಿಸಿ ಬದುಕುತ್ತಿದ್ದ ಹೆಣ್ಣು. ಹೊಳೆಯ ಕೆಸರು ಕಾಲಲ್ಲೇ ಇತ್ತು. ಅರಮನೆಯ ಪಂಡಿತ ಅವಳ ಕಾಲು ನೋಡಿ ಮೂಗು ಮುರಿದ.

ದೊರೆ ಮೊದಲ ಒಗಟು ಹೇಳಿದ. ಹುಲಿಗೆವ್ವ ತಲೆ ತಗ್ಗಿಸಲಿಲ್ಲ.

"ಅದು ನಿಮ್ಮ ಮಗ ಚೆನ್ನರಸನ ಸಾವ್ರಿ, ದೊರಿ. ನಾಡು ಎಣಿಸಿದ್ರ ಒಂದು. ನಿಮ್ಮ ಮನ್ಯಾಗ ಅದಾ ಎಲ್ಲಾ."

ಕಾವಲಿನವನು ಕತ್ತಿಗೆ ಕೈ ಹಾಕಿದ. ದೊರೆ ಕೈ ಎತ್ತಿ ಅವನನ್ನು ತಡೆದ. ಆ ಹೆಸರು ಕೇಳಿ ಒಂದು ವರ್ಷವಾಗಿತ್ತು.

"ಸರಿ," ಎಂದ ಮೆಲ್ಲಗೆ. "ಎರಡನೆಯದು. ಮಗುವಿಗೆ ಅಪಾಯವೇ ಇಲ್ಲದ ಜಾಗ ಯಾವುದು?"

"ಎಲ್ಲೂ ಇಲ್ರಿ."

"ಹೌದು! ಅದಕ್ಕೇ ಒಳಗಿಟ್ಟಿದ್ದೇನೆ."

"ಎಲ್ಲೂ ಅಂದ್ರ ಒಳಗೂ ಬಂತ್ರಿ," ಎಂದಳು ಹುಲಿಗೆವ್ವ. ದನಿ ಏರಿತು. "ನನ್ನ ಮಗಾ ಗಾಳೆಪ್ಪ ಮೊದ್ಲ ಹೊಳಿದಂಡಿ ತುಂಬ ಓಡ್ಯಾಡತಿದ್ದ. ಕತ್ತಲ ಮೂಲ್ಯಾಗ ಕುಂತು ಕುಂತು ಈಗ ಅವನ ಕಾಲು ಬಾಗ್ಯಾವ. ಮಾತೂ ಕಡಿಮಿ ಆಗ್ಯಾವ. ಇದು ಅಪಾಯ ಅಲ್ಲೇನ್ರಿ? ಹರಿಗೋಲಿನಾಗ ಒಂದು ಕಡಿ ನೀರು ಸಿಡೀತು ಅಂದ್ರ, ಹೆದರಿದವರೆಲ್ಲ ಇನ್ನೊಂದು ಕಡಿಗೆ ಓಡ್ತಾರ. ಸಿಡಿದ ನೀರು ಯಾರನ್ನೂ ಮುಳುಗಿಸಂಗಿಲ್ಲ, ಓಡಿದ ಭಾರ ಮುಳುಗಿಸ್ತೈತಿ. ನೀವು ಇಡೀ ನಾಡನ್ನ ಒಂದಾ ಕಡಿಗೆ ಓಡಿಸೀರಿ."

ದೊರೆಯ ಮುಖ ಕೆಂಪೇರಿತು. ಆದರೆ ಉತ್ತರ ಸರಿಯಾಗಿತ್ತು, ಅಲ್ಲಗಳೆಯುವಂತಿರಲಿಲ್ಲ.

"ಮೂರನೆಯದು. ಬಾಗಿಲು ತೆರೆದರೆ ಒಂದು ಮಗುವಿಗೂ ಏನೂ ಆಗದೆಂದು ಆಣೆ ಇಡಬಲ್ಲವರು ಯಾರು?"

ಬಹುಮಾನ ಕೆಸರುಗಾಲಿನವಳ ಪಾಲಾಗುವುದನ್ನು ಪಂಡಿತನಿಗೆ ಸಹಿಸಲಾಗಲಿಲ್ಲ. "ನಾನು ಪ್ರಭು! ನಾನು ಆಣೆ ಇಡುತ್ತೇನೆ!" ಎಂದು ಮುಂದೆ ನುಗ್ಗಿದ.

"ಹಿಡಿಯಿರಿ ಇವನನ್ನು," ಎಂದ ದೊರೆ. "ನನ್ನ ಮಗ ಜ್ವರದಲ್ಲಿ ಮಲಗಿದ್ದಾಗ ಅವನ ತಲೆ ಮುಟ್ಟಿ, ಏನೂ ಆಗದೆಂದು ಇದೇ ಆಣೆ ಇಟ್ಟಿದ್ದ."

ಪಂಡಿತನನ್ನು ಎಳೆದೊಯ್ದ ಮೇಲೆ ದೊರೆ ಅವಳ ಕಡೆ ತಿರುಗಿದ. ಅವಳೆಂದಳು:

"ನಾ ಆಣಿ ಇಡಂಗಿಲ್ಲ. ಯಾರೂ ಇಡಾಕ ಆಗಂಗಿಲ್ಲ. ಇಟ್ಟವರು ಸುಳ್ಳರು."

"ಸಾವಿರದಲ್ಲಿ ಆ ಒಬ್ಬ ನಿನ್ನ ಗಾಳೆಪ್ಪನೇ ಆದರೆ?"

ಹುಲಿಗೆವ್ವನಿಗೂ ಆ ಭಯ ಇಲ್ಲದೆ ಇರಲಿಲ್ಲ, ಹೊತ್ತುಕೊಂಡೇ ಬಂದಿದ್ದಳು.

"ಎದಿ ಒಡಕೊಂಡು ಅಳ್ತೀನ್ರಿ, ನಿಮ್ಮಂಗನ. ಆದ್ರ ಬಾಜೂ ಮನಿ ಕೂಸಿನ ಕಿಟಕಿಗೆ ಹಲಗಿ ಹೊಡೆಸಂಗಿಲ್ಲ."

ದೊರೆ "ಮೂರೂ ಸರಿ" ಎಂದ. "ನಾಡಿಗೆ ಸಣ್ಣದು ನನಗೆ ದೊಡ್ಡದೆಂದು ಯಾರಾದರೂ ಬಾಯಿಬಿಟ್ಟು ಹೇಳಲೆಂದು ಕಾಯುತ್ತಿದ್ದೆ. ಉಳಿದೆರಡು ನನಗೇ ಗೊತ್ತಿದ್ದವು, ಗೊತ್ತಿಲ್ಲದವನಂತೆ ಕೂತಿದ್ದೆ. ಬೇಡು, ಏನು ಬೇಕು? ಅರ್ಧ ರಾಜ್ಯವೇ?"

"ರಾಜ್ಯ ತಗೊಂಡು ಹರಿಗೋಲಿನಾಗ ಎಲ್ಲಿ ಇಡ್ಲಿ? ಬಾಗಿಲಾ ತಗಸ್ರಿ. ಸೆರೆಮನ್ಯಾಗಿನ ಆ ಮೂರೂ ಮಂದೀನ್ನ ಬಿಡ್ರಿ, ಅವರನ್ನೂ ಹೆತ್ತವರು ಅದಾರ. ಹಂಗಂತ ಕಣ್ಣು ಮುಚಗೊಂಡು ಬಿಡೂದಲ್ಲ. ಉಬ್ಬಸದ ಕೂಸು, ಮುದುಕರು, ಇವರನ್ನ ಜ್ವಾಕಿ ಮಾಡೂಣು. ಹೊಳಿ ತುಂಬಿ ಕೆಂಪಾದ ದಿನ ನಾನೂ ಹರಿಗೋಲು ಇಳಸಂಗಿಲ್ಲ. ಆದ್ರ ವರ್ಷಪೂರ್ತಿ ದಂಡ್ಯಾಗ ಕುಂದ್ರಂಗಿಲ್ಲ."

ಅಂದೇ ಹಲಗೆಗಳನ್ನು ಕಿತ್ತರು. ದೊರೆ ತಾನೇ ನಡೆದು ಹೊಳೆದಂಡೆಯ ಗುಡಿಸಿಲಿಗೆ ಬಂದ. ಹುಲಿಗೆವ್ವ ಗಾಳೆಪ್ಪನನ್ನು ಎತ್ತಿ ತಂದು ಮರಳಿನ ಮೇಲೆ ನಿಲ್ಲಿಸಿ ಕೈ ಬಿಟ್ಟಳು. ಹುಡುಗ ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಬಾಗಿದ ಕಾಲಲ್ಲಿ ಒಂದಿಷ್ಟು ನಡೆದು, ಮುಗ್ಗರಿಸಿ ಬಿದ್ದ. ಮೊಣಕಾಲು ತರಚಿ ರಕ್ತ ಬಂತು. ದೊರೆ ಓಡಿ ಎತ್ತಲು ಬಾಗಿದ.

ಹುಲಿಗೆವ್ವ ದೊರೆಯ ತೋಳು ಹಿಡಿದು ನಿಲ್ಲಿಸಿದಳು.

"ಬಿಡ್ರಿ. ಏಳ್ತಾನ."

ಹುಡುಗ ಅತ್ತ, ಮೂಗು ಒರೆಸಿಕೊಂಡ, ಎದ್ದ.