ರಾಜಗುರುವಾದ ಒರಳುಕಲ್ಲು

ಒಂದಾನೊಂದು ಊರಿನಲ್ಲಿ ತಿಪ್ಪರಸನೆಂಬ ರಾಜನಿದ್ದ. ಆ ಊರು ಎಲ್ಲಿದೆ ಎಂದು ಕೇಳಬೇಡಿ. ನಾನು ಅಲ್ಲಿಂದ ಬಂದು ಬಹಳ ಕಾಲವಾಯಿತು, ಈಗ ಅದು ಸ್ವಲ್ಪ ಪಕ್ಕಕ್ಕೆ ಸರಿದಿದ್ದರೂ ಸರಿದಿರಬಹುದು.

ರಾಜನಿಗೆ ಒಂದೇ ಚಟ. ಊಟವಾಗಿ ಎಲೆ ಅಡಿಕೆ ಹಾಕಿಕೊಂಡ ಕೂಡಲೇ ಯಾವುದನ್ನಾದರೂ ಇನ್ನೇನೋ ಮಾಡಬೇಕು. ಒಂದು ದಿನ ಕುಂಬಳಕಾಯಿಯನ್ನು ಸೇನಾಪತಿ ಮಾಡಿದ. ಸೈನಿಕರು ಅದಕ್ಕೆ ಮುಂಡಾಸು ಸುತ್ತಿ ಸಲಾಮು ಹೊಡೆದರು. ಇನ್ನೊಂದು ದಿನ ಅರಮನೆಯ ಬಾಗಿಲನ್ನು ಬಾವಿ ಮಾಡಿದ. ಹೆಂಗಸರು ಬಾಗಿಲ ಮುಂದೆ ಕೊಡ ಹಿಡಿದು ನಿಂತರು. ನೀರು ಬರಲಿಲ್ಲ. "ಈ ಸಲ ಬೇಸಿಗೆ ಜೋರು ಕಣೆ," ಎಂದುಕೊಂಡು ಮನೆಗೆ ಹೋದರು.

ಒಮ್ಮೆ ಬಿಸಿಲಲ್ಲಿ ತಿರುಗಿ ಸುಸ್ತಾದ ರಾಜ ಕೆಂಚಮ್ಮನೆಂಬ ಹೆಂಗಸಿನ ಹಿತ್ತಲಿಗೆ ಬಂದು ಅವಳ ಒರಳುಕಲ್ಲಿಗೆ ಒರಗಿ ಕೂತ. ಬೆನ್ನು ತಣ್ಣಗಾಯಿತು. "ಎಂಥ ಶಾಂತ ಸ್ವಭಾವ," ಎಂದು ಅದನ್ನು ರಾಜಗುರು ಮಾಡಿದ.

ಕೆಂಚಮ್ಮ ಒಳಗಿನಿಂದ ಓಡಿ ಬಂದಳು. "ಬುದ್ಧಿ, ನಾಳೆ ಮಗಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ. ದೋಸೆಗೆ ರುಬ್ಬಬೇಕು. ಹೋದ ಸಲ ಬಂದವರು ದೋಸೆ ಇಲ್ಲ ಅಂತಲೇ ಎದ್ದು ಹೋದರು."

"ಗುರುಗಳ ಬಾಯಲ್ಲಿ ರುಬ್ಬುತ್ತೀಯಾ? ಅವರನ್ನು ಮುಟ್ಟುವಂತಿಲ್ಲ."

ಕೆಂಚಮ್ಮ ನೆನೆಹಾಕಿದ ಅಕ್ಕಿ, ಉದ್ದನ್ನು ನೋಡಿದಳು. "ಆಗಲಿ. ಗುರುಗಳ ಊಟದ ಗತಿ?"

ರಾಜ ಕೈಮುಗಿದು ಕೇಳಿದ, "ಗುರುಗಳೇ, ಹಸಿವಾಗಿದೆಯೇ?"

"ಬೆಳಗಿನಿಂದ," ಎಂದಿತು ಒರಳುಕಲ್ಲು. "ನನಗೆ ನೆನೆದ ಅಕ್ಕಿ, ಉದ್ದು ಬಿಟ್ಟು ಬೇರೇನೂ ಒಗ್ಗುವುದಿಲ್ಲ. ಹಲ್ಲಿಲ್ಲ ನೋಡು, ಗುಂಡು ತಿರುಗಿಸಬೇಕು."

"ಯಾರು ತಿರುಗಿಸಬೇಕು?"

"ಗುರುಸೇವೆಯನ್ನು ಶಿಷ್ಯ ಮಾಡದೆ ಪಕ್ಕದ ಮನೆಯವನು ಮಾಡುತ್ತಾನೇನಪ್ಪ?"

ರಾಜ ಕಿರೀಟ ತೆಗೆದು ಕಟ್ಟೆಯ ಮೇಲಿಟ್ಟು ಗುಂಡು ತಿರುಗಿಸಿದ. ಕೆಂಚಮ್ಮ ಅಂಚಿಗೆ ಬಂದ ಹಿಟ್ಟನ್ನು ಒಳಗೆ ತಳ್ಳಿದಳು.

"ಮುಟ್ಟಿದೆಯಲ್ಲ?" ಎಂದ ರಾಜ.

"ಗುರುಗಳ ಬಾಯಿ ಒರೆಸಿದೆ ಬುದ್ಧಿ. ನೀವು ತಿರುಗಿಸಿ, ಇನ್ನೂ ತರಿತರಿ ಇದೆ."

ಹಿಟ್ಟು ಬೆಣ್ಣೆಯಂತಾಯಿತು. ಗುರುಗಳಿಗೆ ಹೊಟ್ಟೆ ತುಂಬಿತು. ಗುರುಗಳು ಉಂಡು ಬಿಟ್ಟದ್ದು ಪ್ರಸಾದ, ಪ್ರಸಾದ ಮನೆಯವರಿಗೆ ಸಲ್ಲಬೇಕು. ಕೆಂಚಮ್ಮ ಅದನ್ನು ಪಾತ್ರೆಗೆ ಬಳಿದುಕೊಂಡಳು.

ರಾಜನ ರಟ್ಟೆ ಸೋತಿತ್ತು. "ಇವರು ದಿನಾ ಉಣ್ಣುತ್ತಾರೋ?"

"ದಿನಾ. ಹಬ್ಬ ಬಂದರೆ ವಡೆಗೆ ಬೇರೆ," ಎಂದಳು ಕೆಂಚಮ್ಮ.

ರಾಜ ಬಹಳ ಹೊತ್ತು ತೋಳು ನೀವಿಕೊಂಡ. ಆಮೇಲೆ ಒರಳುಕಲ್ಲನ್ನು ಒರಳುಕಲ್ಲು ಮಾಡಿದ. ಅದು ಅಂದಿನಿಂದ ಬಾಯಿ ತೆರೆದೇ ಇತ್ತು, ಮಾತು ಮಾತ್ರ ಆಡಲಿಲ್ಲ.

ಮರುದಿನ ದೋಸೆ ಹೂವಿನಂತೆ ಬಂತು. ನೆಂಚಿಕೊಳ್ಳಲು ಪಲ್ಯವಿರಲಿಲ್ಲ. ದೋಸೆಯ ಆಸೆಗೆ ಬಂದು ಕೂತಿದ್ದ ರಾಜ ಸೇನಾಪತಿಯನ್ನು ಕರೆಸಿ, ಮುಂಡಾಸು ಬಿಚ್ಚಿಸಿ, ಕುಂಬಳಕಾಯಿ ಮಾಡಿದ. ಮಿಕ್ಕದ್ದನ್ನು ಕೆಂಚಮ್ಮ ಮಾಡಿದಳು. ಗಂಡಿನ ಕಡೆಯವರು ಎಲೆ ಬಿಟ್ಟು ಏಳಲೇ ಇಲ್ಲ. ಮದುವೆ ಗಟ್ಟಿಯಾಯಿತು.

ಬಾಗಿಲು ಮಾತ್ರ ಇನ್ನೂ ಬಾವಿಯೇ. ಅದನ್ನು ಮತ್ತೆ ಬಾಗಿಲು ಮಾಡಿ ಎಂದು ರಾಜನಿಗೆ ಯಾರೂ ಹೇಳಲಿಲ್ಲ.

ಇದರ ನೀತಿ ಇಷ್ಟೇ: ಯಾರನ್ನಾದರೂ ದೊಡ್ಡವರನ್ನಾಗಿ ಮಾಡುವ ಮೊದಲು, ಅವರಿಗೆ ರುಬ್ಬಿ ಹಾಕುವವರು ಯಾರೆಂದು ಕೇಳಿಕೊಳ್ಳಿ. ಕತೆ ಅರೆದಾಯಿತು, ಗುಂಡು ತೊಳೆದಾಯಿತು, ಇನ್ನು ನಿಮ್ಮ ನಿಮ್ಮ ಚಾಪೆಗೆ ನಡೆಯಿರಿ.