ನೆದಾಮ್ ದಿಬ್ಬ

ಪ್ರಿಪ್ಯಾತ್ ನದಿಯ ಬಯಲಿನಲ್ಲಿ, ಕಣ್ಣು ಹಾಯುವವರೆಗೂ ಹರಡಿದ ಜೌಗಿನ ನಡುವೆ, ಮರಗಳು ದಟ್ಟವಾಗಿ ಬೆಳೆದ ಒಂದು ದಿಬ್ಬವಿದೆ. ಈಚೆಗೆ ತೋಡಿದ ಕಾಲುವೆಯಲ್ಲಿ ದೋಣಿ ಹತ್ತಿಯೇ ಅಲ್ಲಿಗೆ ಹೋಗಬೇಕು. ಸುತ್ತಲಿನವರು ಅದನ್ನು ನೆದಾಮ್ ಎಂದು ಕರೆಯುತ್ತಾರೆ. ಅವರ ಸ್ಲಾವ್ ನುಡಿಯಲ್ಲಿ ಆ ಮಾತಿಗೆ 'ಕೊಡುವುದಿಲ್ಲ' ಎಂದು ಅರ್ಥ.

ದಕ್ಷಿಣದ ಹುಲ್ಲುಗಾವಲುಗಳಿಂದ ಕುದುರೆ ಸವಾರರು ಬಂದು ಊರುಗಳನ್ನು ಸುಡುತ್ತಿದ್ದುದು ಚರಿತ್ರೆ. ಮುಂದಿನದು ಜನ ಹೇಳಿಕೊಂಡು ಬಂದದ್ದು. ಹಿಂದೆ ಒಮ್ಮೆ ಅಂಥ ದಾಳಿಗೆ ಸಿಕ್ಕಿದ ಒಂದು ಹಳ್ಳಿಯ ಜನ, ಚಳಿಗಾಲದ ಕೊನೆಯಲ್ಲಿ, ಹೆಪ್ಪುಗಟ್ಟಿದ ಜೌಗಿನ ಮೇಲೆ ಓಡಿ ಈ ದಿಬ್ಬವನ್ನು ಸೇರಿದರಂತೆ. ಅವರ ಬೆನ್ನಿಗೇ ಮಂಜುಗಡ್ಡೆ ಕರಗಿತು. ಸವಾರರು ಕಾದು ಬೇಸತ್ತು ಹಿಂತಿರುಗಿದರು; ಆದರೆ ಜೌಗು ಜನರನ್ನು ಬಿಡಲಿಲ್ಲ. ತೆಪ್ಪ ತೇಲಲು ನೀರು ಸಾಲದು, ಕಾಲಿಡಲು ನೆಲವಿಲ್ಲ. ಹೊರಟವರು ಕೆಸರಿನಲ್ಲಿ ಹೂತುಹೋದರು. ತಂದ ಕಾಳು ಮುಗಿದ ಮೇಲೆ ಉಳಿದವರು ಮರದ ತೊಗಟೆ ಕುದಿಸಿ ಕುಡಿದರು.

ಆಗ ನೀರಿನ ಒಡೆಯನಾದ ವೊದ್ಯಾನೊಯ್, ಪಾಚಿಗಡ್ಡದ ಮುದುಕನಾಗಿ, ಎದೆಯವರೆಗೆ ಮೇಲೆದ್ದು ಬಂದನು ಎನ್ನುತ್ತಾರೆ. "ಕೆಸರಿನೊಳಗಿಂದ ಗಟ್ಟಿ ದಾರಿ ಎತ್ತಿಕೊಡುತ್ತೇನೆ. ಒಬ್ಬ ಹುಡುಗಿಯನ್ನು ನನಗೆ ಬಿಟ್ಟುಹೋಗಿ" ಎಂದನು. ಎಲ್ಲರ ಕಣ್ಣುಗಳೂ ಬೆಲ್ಯಾನಾ ಎಂಬ ಹುಡುಗಿಯ ಕಡೆ ತಿರುಗಿದವು. ದಾಳಿಯಲ್ಲಿ ತಂದೆತಾಯಿ ಸತ್ತಿದ್ದ ಅವಳನ್ನು ಕೈಹಿಡಿದು ಕರೆತಂದವಳು ಮಲೂಶಾ ಎಂಬ ಮುದುಕಿ. ಮಲೂಶಾಳ ಮಗ ರಾದಿಮ್ ತನ್ನ ಕೂಸನ್ನು ಎತ್ತಿಕೊಂಡು ಬಂದು ತಾಯಿಯ ಮುಂದೆ ಮಂಡಿಯೂರಿದನು. ಹಸಿವಿನಿಂದ ಕೂಸು ಅಳುವುದನ್ನೂ ಬಿಟ್ಟಿತ್ತು.

"ಅವ್ವಾ, ಅವಳು ನಮ್ಮವಳಲ್ಲ. ಇದು ನಿನ್ನ ಮೊಮ್ಮಗು."

ಮಲೂಶಾ ಕೂಸಿನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನೀರಿನವನ ಕಡೆ ತಿರುಗಿ, "ನನ್ನನ್ನು ತೆಗೆದುಕೋ" ಎಂದಳು. ಅವನು ಒಪ್ಪಲಿಲ್ಲ. "ಹಾಗಾದರೆ ನೆದಾಮ್" ಎಂದಳು. ಊರ ಹಿರಿಯ ಬೇಡಿದಾಗಲೂ ಹೆಂಗಸರು ಶಪಿಸಿದಾಗಲೂ ಅವಳದು ಅದೇ ಮಾತು. ಯಾರಾದರೂ ಎಳೆದುಕೊಂಡು ಹೋದಾರೆಂದು ಹುಡುಗಿಯನ್ನು ತನ್ನ ನಡುವಿಗೆ ಕಟ್ಟಿಕೊಂಡೇ ಮಲಗುತ್ತಿದ್ದಳು. ಮರಗಳು ಚಿಗುರುವ ಮೊದಲೇ ಕೂಸು ತೀರಿಕೊಂಡಿತು. ರಾದಿಮ್ ಮತ್ತೆಂದೂ ತಾಯಿಯೊಡನೆ ಮಾತನಾಡಲಿಲ್ಲ.

ಹಕ್ಕಿಮೊಟ್ಟೆ, ಮೀನು, ಜೊಂಡಿನ ಬೇರು ತಿಂದು ಬದುಕಿದವರು, ಮುಂದಿನ ಚಳಿಗಾಲದಲ್ಲಿ ನೀರು ಮರಳಿ ಹೆಪ್ಪುಗಟ್ಟಿದಾಗ ಸಾಲಾಗಿ ಹೊರಟರು. ಮುದುಕಿಯನ್ನು ಯಾರೂ ಕರೆಯಲಿಲ್ಲ. ಅವಳು ಬೆಲ್ಯಾನಾಳ ಕಟ್ಟು ಬಿಚ್ಚಿ, "ಅವರ ಹಿಂದೆಯೇ ಹೋಗು ಮಗಳೇ" ಎಂದಳು.

"ನೀನು ಬರುವುದಿಲ್ಲವೇ ಅಜ್ಜಿ?"

"ಕೂಸನ್ನು ಇಲ್ಲಿ ಒಂಟಿಯಾಗಿ ಬಿಟ್ಟು ಹೇಗೆ ಬರಲಿ?"

ದಿಬ್ಬದ ನೆತ್ತಿಯಲ್ಲಿ ಇಂದಿಗೂ ಒಂದಕ್ಕೊಂದು ತಾಗಿಕೊಂಡಂತೆ ಎರಡು ಮಣ್ಣುಗುಡ್ಡೆಗಳು ಕಾಣುತ್ತವೆ, ಒಂದು ದೊಡ್ಡದು, ಇನ್ನೊಂದು ಚಿಕ್ಕದು. ಬೆಲ್ಯಾನಾಳ ವಂಶದವರೆಂದು ಹೇಳಿಕೊಳ್ಳುವವರು ವಸಂತದಲ್ಲಿ ಬಂದು ರೊಟ್ಟಿ ಮುರಿದಿಡುತ್ತಾರೆ. ಮೊದಲ ತುಂಡನ್ನು ಅವರು ಚಿಕ್ಕದರ ಮೇಲೆ ಇಡುತ್ತಾರೆ.