ಡೈನಮೋ ನಡೆಸಿದ ವಿಚಾರಣೆ

ವ್ಯಾನೊಂದರಲ್ಲಿ ಹಾಡಿನ ನಡುವೆ ಕುಂಯ್ ಎನ್ನುವ ಸದ್ದು ಶುರುವಾಯಿತು. ಇಂಜಿನ್ ಜೊತೆ ತಿರುಗುತ್ತ ಗಾಡಿಗೆಲ್ಲ ಕರೆಂಟು ಕೊಡುವ ಡೈನಮೋ, ತನಗಿಂತ ಯೋಗ್ಯರಿಲ್ಲವೆಂದು ತಾನೇ ವಿಚಾರಣೆಗೆ ಕೂತಿತು.

"ಸದ್ದು ಯಾರ ಬಾಯಿಂದ ಬಂತು?"

"ನನ್ನ ಬಾಯಿಂದಲೇ ಸ್ವಾಮಿ," ಎಂದಿತು ಸ್ಪೀಕರ್. "ಆದರೆ ಅದು ತಂತಿಯಲ್ಲಿ ಹರಿದು ಬಂದದ್ದು. ತಾವು ತಿರುಗಿದರೆ ಬರುತ್ತದೆ, ತಾವು ನಿಂತರೆ ನಿಲ್ಲುತ್ತದೆ."

"ಕೇಳಿದಿರಾ? ನಾನು ದುಡಿಯುವಾಗಲೇ ಇವನ ಗೊಣಗಾಟ! ಹೊಟ್ಟೆಕಿಚ್ಚಲ್ಲದೆ ಇನ್ನೇನು?"

ನಾಳೆಯೂ ಡೈನಮೋ ಕೈಯಿಂದಲೇ ಉಣ್ಣಬೇಕಾದ ಬ್ಯಾಟರಿ ಹೌದೌದು ಎಂದಿತು. ಹೆಡ್‌ಲೈಟು, ಹಾರನ್ನುಗಳೂ ದನಿಗೂಡಿಸಿದವು. ಸ್ಪೀಕರನ್ನು ಕಿತ್ತೆಸೆದು ಹೊಸದನ್ನು ಕೂರಿಸಲಾಯಿತು. ಇಂಜಿನ್ ಶುರುವಾದದ್ದೇ ತಡ, ಮತ್ತೆ ಅದೇ ಕುಂಯ್.

ಡೈನಮೋ ನಿಟ್ಟುಸಿರಿಟ್ಟಿತು: "ನೋಡಿ, ಆ ಪಾಪಿ ಹೋಗುವ ಮುಂಚೆ ಇವನನ್ನೂ ಕೆಡಿಸಿ ಹೋಗಿದ್ದಾನೆ!"